ಅವ್ವ ಕೊಟ್ಟ ದೂರು

ಪೀಣ್ಯದ ನಮ್ಮ ವಠಾರದಲ್ಲಿ ಯಾರ ಮನೆಯ ಬೀಗದ ಕೀಯೂ ಅವರವರ ಬಳಿ ಇರುತ್ತಿರಲಿಲ್ಲ. ಕೆಲಸಕ್ಕೆ ಹೊರಡುವವರೆಲ್ಲ ಅದನ್ನು ಓನರ್ ಮನೆಯ ಗೋಡೆಯ ಮೊಳೆಗೆ ನೇತುಹಾಕುವುದು, ಶಾಲೆ ಬಿಟ್ಟು ಬಂದ ಮಕ್ಕಳು ಅಲ್ಲಿಂದ ಇಸಿದುಕೊಂಡು ಮನೆ ಸೇರುವುದು ರೂಢಿ. ಯಾದಗಿರಿ ಕಡೆಯಿಂದ ಬಂದು ಗಾರ್ಮೆಂಟ್ಸ್ ಸೇರಿದ್ದ ನನ್ನ ಅವ್ವನಿಗೆ, ಗುರುತು ಪರಿಚಯವಿಲ್ಲದ ಈ ಊರಿನಲ್ಲಿ ಆ ಗೋಡೆಯಷ್ಟು ಭರವಸೆಯ ಜಾಗ ಇನ್ನೊಂದಿರಲಿಲ್ಲ. ನಿಮ್ಮ ಬೀದಿಯಲ್ಲೂ ಅಂಥದೊಂದು ನಂಬಿಕೆಯ ಮನೆ ಇದ್ದೀತು, ನೆನಪಿಸಿಕೊಳ್ಳಿ.

ಮಧ್ಯಾಹ್ನದ ಹೊತ್ತು ಆ ಮನೆಯಲ್ಲಿ ಇರುತ್ತಿದ್ದವನು ಓನರನ ತಮ್ಮ. ಮಕ್ಕಳೆಲ್ಲ ಅವನನ್ನು ಮಾಮ ಎನ್ನುತ್ತಿದ್ದೆವು. ಕೀ ಕೊಡುವ ನೆಪದಲ್ಲಿ ಒಳಗೆ ಕರೆದು ಅವನು ನನ್ನನ್ನು ಮುಟ್ಟಬಾರದ ಹಾಗೆ ಮುಟ್ಟತೊಡಗಿದಾಗ ನಾನು ನಾಲ್ಕನೇ ತರಗತಿ. ಕೂಡಲೇ ಏಕೆ ಹೇಳಲಿಲ್ಲವೆಂದು ಮುಂದೆ ಎಷ್ಟೋ ದೊಡ್ಡವರು ಕೇಳಿದರು. ಆ ಪ್ರಶ್ನೆಗೆ ಇಂದಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ತಲೆನೋವಿಗೆ, ಹೊಟ್ಟೆನೋವಿಗೆ, ಹಲ್ಲುನೋವಿಗೆ ಮಾತು ಕಲಿಸಿದ ನಮ್ಮೆಲ್ಲರ ಮನೆಗಳು ಇದಕ್ಕೊಂದು ಮಾತು ಕಲಿಸಿರಲಿಲ್ಲ. ದೊಡ್ಡವರಿಗೆ ಎದುರಾಡಬಾರದು ಎಂಬುದನ್ನು ಮಾತ್ರ ಚೆನ್ನಾಗಿ ಕಲಿಸಿದ್ದವು.

ಒಂದು ದಿನ ಕೀ ತರಲು ಹೋಗದೆ ಬೀಗ ಹಾಕಿದ ಬಾಗಿಲ ಮುಂದೆಯೇ ಕುಳಿತುಬಿಟ್ಟೆ. ಮರುದಿನವೂ ಅಷ್ಟೇ. ಅವ್ವ ಮೊದಲು ಸೋಮಾರಿ ಎಂದು ಬೈದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಊಟದ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು.

"ಏನಾತು ಹೇಳವ್ವಾ. ನಾ ಬೈಯಂಗಿಲ್ಲ."

ಹೇಳಲು ಬಂದಷ್ಟು ಹೇಳಿದೆ, ಉಳಿದದ್ದನ್ನು ಅತ್ತೆ. ಖರೆ ಹೌದೇನು ಎಂದು ಅವ್ವ ಕೇಳಲಿಲ್ಲ. "ನಿಂದೇನೂ ತಪ್ಪಿಲ್ಲ" ಎಂದಳು.

ಓನರ್ ಹೆಂಡತಿಗೆ ವಿಷಯ ತಿಳಿಸಿದಾಗ ಅವರು ದನಿ ತಗ್ಗಿಸಿದರು. "ಮಗು ಏನೋ ತಪ್ಪು ತಿಳ್ಕೊಂಡಿದೆ ಕಣಮ್ಮ. ನಾಳೆ ಅದಕ್ಕೆ ಮದುವೆ ಆಗ್ಬೇಡ್ವಾ? ನಿಂಗೂ ರೂಮು ಬೇಕು ತಾನೆ?" ಅವ್ವ ಜಗಳಕ್ಕೆ ನಿಲ್ಲಲಿಲ್ಲ. ಮರುದಿನ ಕೆಲಸಕ್ಕೆ ರಜೆ ಹಾಕಿ ನನ್ನ ಕೈ ಹಿಡಿದು ಪೊಲೀಸ್ ಠಾಣೆಗೆ ನಡೆದಳು. ಮಕ್ಕಳಿಗಾಗಿ ಹೊಸ ಕಾನೂನು ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಠಾಣೆಯವರಿಗೆ ಗೊತ್ತಿತ್ತು, ನೆನಪಿರಲಿಲ್ಲ.

"ಮಗು ಭವಿಷ್ಯ ನೋಡಮ್ಮ. ಕೂತು ಮಾತಾಡಿ ಬಗೆಹರಿಸ್ಕೊಳ್ಳಿ."

"ಭವಿಷ್ಯ ನೋಡೇ ಬಂದೀನ್ರಿ ಸಾಹೇಬ್ರ. ಬರ್ಕೋರಿ."

ಸಂಜೆಯವರೆಗೂ ಆ ಬೆಂಚಿನಿಂದ ಅವಳು ಏಳಲಿಲ್ಲ. ಕೊನೆಗೆ ಬರೆದುಕೊಂಡರು.

ರೂಮು ಹೋಯಿತು, ಜಾಲಹಳ್ಳಿ ಕಡೆ ಬಂದೆವು. ಕೇಸು ವರ್ಷಗಟ್ಟಲೆ ಎಳೆಯಿತು. ಕೋರ್ಟಿಗೆ ಹೋದ ದಿನಗಳ ಸಂಬಳ ಅವ್ವನಿಗೆ ಸಿಗಲಿಲ್ಲ. ಊರ ಕಡೆಯವರು ಫೋನು ಮಾಡುವುದನ್ನೂ ಬಿಟ್ಟರು. ಕಡೆಗೊಮ್ಮೆ ಅವನಿಗೆ ಶಿಕ್ಷೆಯಾದಾಗ ನನಗೆ ಖುಷಿಯಾಯಿತು, ನಿಜ; ಆದರೆ ಅವ್ವನ ಬಗ್ಗೆ ನನಗಿರುವ ಹೆಮ್ಮೆ ಆ ತೀರ್ಪಿಗಿಂತ ಹಳೆಯದು. ಅವಳು ಸೋತು ಬಂದಿದ್ದರೂ ಅದು ಒಂದು ಗುಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಹೋದ ವರ್ಷ ಹಳೆಯ ವಠಾರದ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ನಮ್ಮ ಮನೆ ಹುಡುಕಿ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು:

"ಅವತ್ತು ಸ್ಟೇಷನ್‌ಗೆ ನಿಮ್ ಜೊತೆ ಯಾರು ಬಂದಿದ್ರು ಅಕ್ಕಾ?"

"ಯಾರೂ ಬಂದಿದ್ದಿಲ್ಲ" ಎಂದಳು ಅವ್ವ, ಚಪ್ಪಲಿ ಮೆಟ್ಟುತ್ತಾ. "ನಡಿ."