ಕಿಡಿ ಬೆಸೆದ ಬಾಗಿಲು

ಅವನನ್ನು ಎಲ್ಲರೂ ಕಿಡಿ ಅಂತ ಕರೆಯುತ್ತಿದ್ದದ್ದು ಬರೀ ವೆಲ್ಡಿಂಗ್ ಕೆಲಸಕ್ಕಲ್ಲ. ಆಸಾಮಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಅಳತೆ ಸರಿಯಿಲ್ಲ ಅಂದ ಗಿರಾಕಿಯನ್ನು ಕಾಲರ್ ಹಿಡಿದು ಬೀದಿಗೆ ತಳ್ಳಿದವನು, ಸ್ವಂತ ಮದುವೆಯ ಊಟದ ಸಾಲಿನಲ್ಲೇ ಭಾವಮೈದುನನ ಎರಡು ಹಲ್ಲು ಉದುರಿಸಿದವನು. ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ತಮ್ಮನ ಬಾಯಿಗೆ ಹತ್ತಿ ಒತ್ತುತ್ತಲೇ ಸಂಸಾರ ಶುರು ಮಾಡಿದ ಹೆಣ್ಣು ಅವಳು! "ರೀ, ನಿಮ್ಮ ಬಾಯಿಗಿಂತ ಮುಂಚೆ ಕೈ ಮಾತಾಡುತ್ತೆ" ಅಂತ ಅವತ್ತು ಹೇಳಿದ್ದನ್ನೇ ಆಮೇಲೂ ಹೇಳುತ್ತ ಬಂದಳು. ಅವಳ ಮೇಲೆ ಮಾತ್ರ ಅವನು ಒಂದು ದಿನವೂ ಕೈ ಎತ್ತಲಿಲ್ಲ, ಅದನ್ನೂ ಹೇಳಲೇಬೇಕು.

ಆದರೆ ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಅವಳಿಗೆ ಸಾಕುಸಾಕಾಗಿತ್ತು. ನೀರು ಬಿಡಲಿಲ್ಲ ಅಂತ ಒಬ್ಬ ಓನರಿನ ಹೊಟ್ಟೆಗೆ ಗುದ್ದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬೇಡ ಅಂದ ಇನ್ನೊಬ್ಬನ ಕೆನ್ನೆಗೆ ಪಟೀರ್. ಮಾರನೇ ದಿನ ಪಾತ್ರೆಪಗಡೆ ಎಲ್ಲ ಗಾಡಿಗೆ. "ಓನರ್ ಅನ್ನೋ ಪ್ರಾಣಿನೇ ಇಲ್ಲದ ಮನೆ ಬೇಕು ನಂಗೆ. ಯಾರೂ ಎದ್ದು ಹೋಗು ಅನ್ನಬಾರದು" ಅಂದಳು. ಹೊಟ್ಟೆಬಟ್ಟೆ ಕಟ್ಟಿ ಮೂರನೇ ಮಹಡಿಯಲ್ಲೊಂದು ಫ್ಲಾಟ್ ಕೊಂಡರು. ದುಡ್ಡು ಪೂರ್ತಿ ಸಂದಾಯವಾಯಿತು, ಅಗ್ರಿಮೆಂಟ್ ಆಯಿತು, ಬಿಲ್ಡರೇ ಕೈಯಾರೆ ಕೀಲಿಕೈ ಕೊಟ್ಟ. ಲಿಫ್ಟ್ ಬರಬೇಕಾದ ಜಾಗದಲ್ಲಿ ಬರೀ ಗುಂಡಿ. ಗೋಡೆಗೆ ಮೊಳೆ ಹೊಡೆದರೆ ಬೊಗಸೆ ಮರಳು ಕೆಳಗೆ. ಹೋಗಲಿ ಬಿಡು, ನಮ್ಮದು ಅಂತ ಒಂದಾಯ್ತಲ್ಲ ಅಂದುಕೊಂಡರು.

ರಿಜಿಸ್ಟ್ರೇಷನ್ ಮಾತ್ರ ಇವತ್ತು ನಾಳೆ ಅಂತ ಬಿಲ್ಡರ್ ಆಟ ಆಡಿಸುತ್ತಲೇ ಇದ್ದ. ಅಷ್ಟರಲ್ಲಿ ಬೆಲೆ ಏರಿತು ನೋಡಿ, ಆ ಮಹಾನುಭಾವ ಜನ ಇರುವ ಫ್ಲಾಟುಗಳನ್ನೇ ಹೆಚ್ಚಿನ ಬೆಲೆಗೆ ಬೇರೆಯವರಿಗೆ ಮಾರಿಬಿಟ್ಟ! "ನಿಮ್ಮ ಅಗ್ರಿಮೆಂಟ್ ರದ್ದಾಗಿದೆ, ಖಾಲಿ ಮಾಡಿ" ಅಂತ ಹೇಳಿ ಕಳಿಸಿದ. ಥೂ, ಅನ್ನ ತಿನ್ನೋ ಬಾಯಲ್ಲಿ ಬರೋ ಮಾತಾ ಅದು?

ಕಟ್ಟಡದವರೆಲ್ಲ ಸೇರಿ ವಕೀಲಮ್ಮನೊಬ್ಬರನ್ನು ಹಿಡಿದರು. ಬಾಯಿ ಚುರುಕು, ಒಳ್ಳೆಯ ಹೆಂಗಸು. "ಒಳಗಿರೋರನ್ನ ಕೋರ್ಟ್ ಹೇಳದೆ ಯಾರೂ ಹೊರಗೆ ಹಾಕೋ ಹಾಗಿಲ್ಲ. ಬಿಲ್ಡರ್ ಅಲ್ಲ, ಅವರಪ್ಪ ಬಂದ್ರೂ ಆಗಲ್ಲ" ಅಂದರು. ಆಮೇಲೆ ಕಿಡಿಯ ಕಡೆಗೇ ತಿರುಗಿದರು. "ಮನೆ ಬಿಡಬೇಡಿ, ಕೈ ಎತ್ತಬೇಡಿ. ನೀವು ಹೊಡೀಲಿ ಅಂತಾನೇ ಅವರು ಕಾಯ್ತಿರ್ತಾರೆ."

ಕಿಡಿ ತಲೆಯಾಡಿಸಿದ. ತಲೆಯಾಡಿಸೋದಕ್ಕೇನು, ಕಾಸು ಕೊಡಬೇಕೇ? ಮರುವಾರ ಬಿಲ್ಡರಿನ ಕಡೆಯ ರೌಡಿಗಳು ಬಂದು ಎದುರು ಫ್ಲಾಟಿನ ಬಸ್ ಕಂಡಕ್ಟರನ ಬಾಗಿಲಿಗೆ ಒದ್ದರು. ಕಂಡಕ್ಟರನ ಹೆಂಡತಿ ಕಿರುಚಿದಳು. ಅಷ್ಟೇ ಸಾಕಾಯಿತು. ಕಿಡಿ ಕಬ್ಬಿಣದ ಪೈಪು ಹಿಡಿದು ನುಗ್ಗಿ, ಮುಂದಿದ್ದವನ ದವಡೆಗೆ ಬೀಸಿದ. ದವಡೆ ಮುರಿದ ಸದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಇನ್ನೊಬ್ಬ ಮೆಟ್ಟಿಲು ಉರುಳಿಕೊಂಡು ಹೋದ, ಗೋಡೆಯ ಮೇಲೆಲ್ಲ ರಕ್ತ. ಪೊಲೀಸರು ಬಂದು ಕಿಡಿಯನ್ನೇ ಎಳೆದುಕೊಂಡು ಹೋದರು. ಅವನನ್ನು ಬಿಡಿಸಲು ಕಟ್ಟಡಕ್ಕೆ ಕಟ್ಟಡವೇ ಸ್ಟೇಷನ್ನಿಗೆ ಓಡಿತು. ಬಿಡಿಸಿಕೊಂಡು ವಾಪಸು ಬರುವಷ್ಟರಲ್ಲಿ ಕಂಡಕ್ಟರನ ಮಂಚ, ಟಿವಿ, ಮಗುವಿನ ತೊಟ್ಟಿಲು ಎಲ್ಲ ಬಾಲ್ಕನಿಯಿಂದ ಕೆಳಗೆ ಬಿದ್ದು ಚೂರುಚೂರು. ಬಾಗಿಲಿಗೆ ಬೇರೆ ಬೀಗ.

"ಇನ್ನೊಂದು ಏಟು ಹೊಡೆದರೆ, ರೌಡಿ ಯಾರು ಅಂತ ಜಡ್ಜ್ ನನ್ನನ್ನೇ ಕೇಳ್ತಾರೆ" ಅಂತ ವಕೀಲಮ್ಮ ಕೆಂಡಾಮಂಡಲವಾದರು. ಸೋಮವಾರ ಕೋರ್ಟಿನ ಕಮಿಷನರ್ ಬರುವವರಿದ್ದರು. ಯಾವ ಫ್ಲಾಟಿನಲ್ಲಿ ಯಾರಿದ್ದಾರೆ ಅಂತ ಕಣ್ಣಾರೆ ನೋಡಿ ವರದಿ ಕೊಡುತ್ತಾರೆ. ಒಳಗಿದ್ದವರಿಗೆ ಮನೆ ಉಂಟು, ಇಲ್ಲದವರು ವರ್ಷಗಟ್ಟಲೆ ಅಲೆಯಬೇಕು.

ಭಾನುವಾರ ಊಟಕ್ಕೆ ಕೂತಾಗ ಹೆಂಡತಿ ಸಿಟ್ಟಿಗೆ ಅಂದಳು, "ನಿಮ್ಮನ್ನ ಒಳಗಿಟ್ಟು ಬಾಗಿಲನ್ನೇ ಬೆಸೆದುಬಿಡಬೇಕು ನೋಡಿ."

ಕಿಡಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಲೇ, ಭೇಷ್ ಕಣೇ!"

ಅಂಗಡಿಯಿಂದ ವೆಲ್ಡಿಂಗ್ ಮೆಷಿನ್ ಬಂತು, ಚೌಕಟ್ಟು ಸಮೇತ ಕಬ್ಬಿಣದ ಬಾಗಿಲು ಬಂತು. ಅವನು ಮುಖಕ್ಕೆ ಗಾಜು ಹಿಡಿದು ಕೂತು, ಚೌಕಟ್ಟಿಗೂ ಬಾಗಿಲಿಗೂ ಸುತ್ತ ಒಂದು ಕಡೆಯೂ ಬಿಡದೆ ಒಳಗಿನಿಂದ ಬೆಸೆದ. ಹೊರಗಿನವರು ಬರುವಂತಿಲ್ಲ, ಒಳಗಿನವನ ಕೈ ತುರಿಸಿದರೂ ಹೋಗುವಂತಿಲ್ಲ. "ಆನೆ ಬಂದು ಒದೀಲಿ, ಅಲ್ಲಾಡಿದರೆ ಕೇಳು" ಅಂತ ಬಾಗಿಲಿಗೆ ಎರಡು ಸಲ ತಟ್ಟಿದ. ನಾಳೆ ಕಮಿಷನರ್ ಬಂದಾಗ ಕಬ್ಬಿಣ ಕೊಯ್ಯುವ ಗ್ರೈಂಡರಿನಲ್ಲಿ ಬೆಸುಗೆ ಕೊಯ್ದು ತೆಗೆದರಾಯಿತು ಅನ್ನುವುದು ಲೆಕ್ಕಾಚಾರ. ಅವಳೂ ಮೆಚ್ಚಿದಳು. ಅಪರೂಪಕ್ಕೆ ಗಂಡ ಹೊಡೆದಾಟಕ್ಕೆ ಮುಂಚೆ ತಲೆ ಓಡಿಸಿದ್ದ.

ಸೋಮವಾರ ಬೆಳಿಗ್ಗೆ ಫ್ಯಾನ್ ನಿಂತಿತು. ಕೆಳಗೆ ಫ್ಯೂಸ್ ಕಿತ್ತಿದ್ದರು. ಗ್ರೈಂಡರ್ ಸತ್ತಂತಾಯಿತು. ಹಿಂದೆಯೇ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಬಾಗಿಲಿಗೆ ಮೊದಲ ಸುತ್ತಿಗೆ ಬಿತ್ತು. ಕಿವಿ ಗುಂಯ್ ಅಂದಿತು. ಎರಡನೆಯದು, ಮೂರನೆಯದು. ಹಾರೆ ಹಾಕಿ ಮೀಟಿದರು. ಹೊರಗಿನಿಂದ ಅಕ್ಕ, ತಂಗಿ, ತಾಯಿ ಯಾರನ್ನೂ ಬಿಡದ ಬೈಗುಳ. ಬಾಗಿಲು ಮಿಸುಕಲಿಲ್ಲ. ಕಿಡಿ ಒಳಗೆ ನಿಂತು ತೊಡೆ ತಟ್ಟಿ ನಕ್ಕ. "ಹೊಡೀರೋ ಹೊಡೀರಿ, ನಿಮ್ಮ ರಟ್ಟೆ ಬೀಳೋವರೆಗೂ ಹೊಡೀರಿ!"

ಏಟು ನಿಂತಿತು. ಹೊರಗೆ ಏನೋ ಪಿಸುಪಿಸು. ಆಮೇಲೆ ಬಿದ್ದ ಏಟಿನ ಸದ್ದೇ ಬೇರೆ. ದೊಪ್ ಅಂತ, ಹಿಟ್ಟಿನ ಮೂಟೆಗೆ ಹೊಡೆದ ಹಾಗೆ. ಬಾಗಿಲಿನ ಪಕ್ಕದ ಗೋಡೆಯಿಂದ ಮರಳು ಸುರಿಯಿತು.

ಅವಳು ಗಂಡನ ಮುಖ ನೋಡಿದಳು. ಆ ಮುಖ ಹಾಗೆ ಬಿಳಿಚಿಕೊಂಡದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಅಯ್ಯೋ ದೇವರೇ, ಬಾಗಿಲು ಇವನದು ಸರಿ, ಗೋಡೆ ಬಿಲ್ಡರಿನದಲ್ಲವೇ! ಬೆಸೆಯುವವನ ಕಣ್ಣಿಗೆ ಕಬ್ಬಿಣ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಅವನು ಓಡಿಹೋಗಿ ಚೌಕಟ್ಟಿಗೆ ಹೆಗಲು ಕೊಟ್ಟ. "ರೀ ಬೇಡ, ಈಚೆ ಬನ್ನಿ" ಅಂತ ಅವಳು ಕೂಗುತ್ತಿದ್ದಂತೆಯೇ ಗೋಡೆ ಒಡೆದು, ಬಾಗಿಲು, ಚೌಕಟ್ಟು, ಅದಕ್ಕೆ ಕಚ್ಚಿಕೊಂಡಿದ್ದ ಇಟ್ಟಿಗೆಯ ರಾಶಿ, ಎಲ್ಲ ಒಟ್ಟಿಗೆ ಒಳಕ್ಕೆ ಮಗುಚಿತು. ಧೂಳು ಇಳಿದಾಗ ಅವನು ಅಂಗಾತ ಬಿದ್ದಿದ್ದ. ಎಡಗಾಲು ಮೊಣಕಾಲಿನಿಂದ ಕೆಳಗೆ ಬಾಗಿಲಿನ ಅಡಿ. ಬಿಳಿ ಟೈಲ್ಸಿನ ಮೇಲೆ ರಕ್ತ ಹರಿದು ಬರುತ್ತಿತ್ತು.

ರೌಡಿಗಳು ಇಟ್ಟಿಗೆ ತುಳಿದು ಒಳಗೆ ಬಂದರು. ಇಬ್ಬರು ಅವನ ತೋಳಿಗೆ ಕೈ ಹಾಕಿ ಹೊರಕ್ಕೆ ಎಳೆದರು. ಸಿಕ್ಕಿಕೊಂಡ ಕಾಲು ಬಿಟ್ಟರೆ ತಾನೇ? ಅವನು ಕಿಟಾರನೆ ಚೀರಿದ. ಮತ್ತೆ ಎಳೆದರು. ಮೂರನೆಯವನು ಅವಳ ಜಡೆ ಹಿಡಿದು ಗೋಡೆಗೆ ಹಣೆ ಚಚ್ಚಿದ. ಕೈ ಎತ್ತಬೇಡಿ ಅಂತ ವಕೀಲಮ್ಮ ಹೇಳಿದ್ದು ನಿಜ, ಬಾಯಿಯ ಬಗ್ಗೆ ಏನೂ ಹೇಳಿರಲಿಲ್ಲ. ಅವಳು ಜಡೆ ಹಿಡಿದವನ ಮುಂಗೈಗೆ ಹಲ್ಲು ಊರಿ, ಮಾಂಸ ಬಾಯಿಗೆ ಬರುವವರೆಗೆ ಬಿಡಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಕಟ್ಟಡದವರನ್ನೆಲ್ಲ ಕರೆದುಕೊಂಡು ದಡದಡ ಹತ್ತಿ ಬಂದ. ಜನ ನೋಡಿ ರೌಡಿಗಳು ಕೆಳಗಿಳಿದರು. ಆದರೆ ಹೋಗಲಿಲ್ಲ, ಗೇಟಿನ ಹತ್ತಿರವೇ ನಿಂತರು.

"ಎಲ್ಲ ಸೇರಿ ಬಾಗಿಲು ಎತ್ರಪ್ಪಾ" ಅಂದ ಕಂಡಕ್ಟರ್.

"ಮುಟ್ಟಿದರೆ ನೋಡಿ!" ಕಿಡಿ ಅರ್ಧ ಇಟ್ಟಿಗೆ ಕೈಗೆತ್ತಿಕೊಂಡ. "ಕಮಿಷನರ್ ಬಂದು ನನ್ನನ್ನ ಒಳಗೇ ನೋಡಬೇಕು."

ಅವಳಿಗೆ ಗೊತ್ತಿತ್ತು. ಜಜ್ಜಿದ ಕಾಲುಗಳನ್ನು ಆಸ್ಪತ್ರೆಯಲ್ಲಿ ಎಷ್ಟೋ ನೋಡಿದ್ದಳು. ಬಾಗಿಲು ಎತ್ತಿದ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಎತ್ತದಿದ್ದರೆ ಕಾಲು ಸಾಯುತ್ತದೆ. ಹಣೆಯಿಂದ ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ರೀ, ನಿಮಗೆ ಕೈ ಮುಗೀತೀನಿ. ನೀವು ಹೋಗಿ, ನಾನು ಇಲ್ಲೇ ಕೂತಿರ್ತೀನಿ."

"ಕಾಗದ ನನ್ನ ಹೆಸರಲ್ಲಿದೆ ಕಣೇ. ನಾನು ಹೊರಗೆ ಹೋದರೆ ಮುಗೀತು. ನಿನ್ನನ್ನ ಜಡೆ ಹಿಡಿದು ಎಳೆದುಹಾಕ್ತಾರೆ."

"ಹಾಳಾಗಿ ಹೋಗಲಿ ಈ ಮನೆ! ನಂಗೆ ಬೇಡ!"

"ನಂಗೆ ಬೇಕು" ಅಂದ ಕಿಡಿ. "ಎಷ್ಟು ಸಲ ನಿನ್ನ ಪಾತ್ರೆಪಗಡೆ ಬೀದಿಗೆ ಹಾಕಿಸಿದೆ ನಾನು. ಇನ್ನೊಂದು ಸಲ ಆಗಲ್ಲ."

ಅವಳು ಆ ಇಟ್ಟಿಗೆ ಕಸಿಯಲು ನೋಡಿದಳು. ಅವನ ಕೈಯಿಂದ ಅದನ್ನು ಯಾರಿಂದಲೂ ಬಿಡಿಸಲಾಗಲಿಲ್ಲ. ಕಮಿಷನರ್ ಬಂದದ್ದು ಹೇಳಿದ ಹೊತ್ತಿಗಲ್ಲ, ಬಿಸಿಲು ನೆತ್ತಿಗೆ ಬಂದ ಮೇಲೆ. ಒಡೆದ ಗೋಡೆಯಲ್ಲಿ ಇಣುಕಿ ಆ ಮನುಷ್ಯ ಅಲ್ಲೇ ಕುಸಿದು ಕೂತ. "ಬರ್ಕೊಳ್ಳಿ ಸ್ವಾಮಿ, ಒಳಗಿದ್ದೀನಿ" ಅಂದ ಕಿಡಿ, ಅಂದವನೇ ಎಚ್ಚರ ತಪ್ಪಿದ.

ಕಾಲನ್ನು ಅವತ್ತೇ ತೆಗೆದರು.

ಆಪರೇಷನ್ ಮುಗಿಯಲು ಕಾಯುತ್ತ ಕೂತಿದ್ದ ಅವಳ ಹತ್ತಿರ ವಕೀಲಮ್ಮ ಬಂದರು. ತಡೆಯಾಜ್ಞೆ ಸಿಗುತ್ತೆ, ಗೋಡೆಯ ಫೋಟೋ ನೋಡಿ ಕಟ್ಟಡದವರಿಗೆಲ್ಲ ಪರಿಹಾರವೂ ಬರುತ್ತೆ ಅಂದರು. ಹೊರಡಲು ಎದ್ದವರು, ತಡೆಯಲಾರದೆ ಕೇಳಿದರು. "ಅಲ್ಲಮ್ಮಾ, ನೀನು ಒಳಗೆ ಇದ್ದೆಯಲ್ಲ. ನೀನೊಬ್ಬಳು ಒಂದು ಚಾಪೆ ಹಾಸಿಕೊಂಡು ಕೂತಿದ್ದರೂ ಸಾಕಾಗಿತ್ತು. ಅದೂ ಸ್ವಾಧೀನವೇ. ಅವರು ಯಾಕೆ ಹಾಗೆ ಹಟ ಹಿಡಿದರು?"

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಅವರಿಗೆ ಮಾತ್ರ ಇದನ್ನ ಹೇಳಬೇಡಿ ಅಮ್ಮಾ" ಅಂದಳು.

ಆರ್ಡರ್ ಬಂತು, ರಿಜಿಸ್ಟ್ರೇಷನ್ನೂ ಆಯಿತು. ಕಂಡಕ್ಟರನ ಕೇಸು ಇನ್ನೂ ನಡೆಯುತ್ತಿದೆ, ಲಿಫ್ಟಿನ ಕೇಸೂ ನಡೆಯುತ್ತಿದೆ. ಅಲ್ಲಿಯವರೆಗೆ ಕಿಡಿ ಮೂರು ಮಹಡಿ ಕೂತುಕೊಂಡೇ ಹತ್ತುತ್ತಾನೆ, ಒಂದೊಂದು ಮೆಟ್ಟಿಲಿಗೂ ಬಿಲ್ಡರಿಗೆ ಒಂದೊಂದು ಬೈಗುಳ. ಊರುಗೋಲು ಹಿಡಿದುಕೊಂಡು ಅವಳು ಹಿಂದೆ. ನಡುವೆ ಸುಧಾರಿಸಿಕೊಳ್ಳಲು ಕೂತಾಗಲೆಲ್ಲ ಅವನದು ಒಂದೇ ಮಾತು. "ಅವತ್ತು ನಾನು ಎದ್ದು ಹೋಗಿದ್ದರೆ ಮನೆ ಹೋಗ್ತಿತ್ತು ಅಲ್ವೇನೇ?"

"ಹೂಂ ರೀ, ಹೋಗ್ತಿತ್ತು" ಅನ್ನುತ್ತಾಳೆ ಅವಳು.