ಮಡಿಯಲ್ಲಿಟ್ಟ ದನಿ

ಅಣ್ಣನ ದನಿಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ನನ್ನ ಮನೆಯಲ್ಲಿ ಕಂಪ್ಯೂಟರ್ ಇತ್ತು ಎಂಬ ಒಂದೇ ಕಾರಣಕ್ಕೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ, ಕಿಟಕಿಯ ಪಕ್ಕ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿದ್ದ ಆ ಹಳೆಯ ಡಬ್ಬಿಯೊಳಗೆ ಮದುವೆ ಮುಂಜಿವೆಗಳ ಫೋಟೋ, ಕರೆಂಟಿನ ಬಿಲ್ಲು, ನಾನು ಕೆಲಸ ಮಾಡುವ ಶಾಲೆಯ ಕಾಗದಪತ್ರ ಎಲ್ಲ ತುಂಬಿದ್ದವು. ಅವುಗಳ ನಡುವೆ ಅಣ್ಣನ ಪೂಜೆಯೂ ಇತ್ತು.

ಅಣ್ಣ ಕಮಲಾಪುರದಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವನು. ರೋಗ ಹರಡಿ ಊರೆಲ್ಲ ಬಾಗಿಲು ಹಾಕಿಕೊಂಡು ಕೂತ ದಿನಗಳಲ್ಲಿ ಪೂಜೆಗೆ ಕರೆಯುವವರ ಮನೆಗಳಿಗೆ ಹೋಗಲಾಗದೆ, ತನ್ನ ಮನೆಯ ನಿತ್ಯಪೂಜೆಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೆಲ್ಲ ಕಳಿಸತೊಡಗಿದ. ಮಡಿಯಲ್ಲಿದ್ದವನು ಫೋನು ಮುಟ್ಟುವ ಹಾಗಿಲ್ಲ. ಹೀಗಾಗಿ ವೈನಿ, ಅಂದರೆ ಅವನ ಹೆಂಡತಿ, ದೇವರ ಮನೆಯ ಹೊಸ್ತಿಲ ಹೊರಗೆ ಒಂದು ಸ್ಟೂಲಿನ ಮೇಲೆ ಫೋನಿಟ್ಟು ಗುಂಡಿ ಒತ್ತಿ ಅಡಿಗೆಗೆ ಹೋಗುತ್ತಿದ್ದರು. ಮಂತ್ರದ ಜೊತೆ ಒಗ್ಗರಣೆಯ ಸದ್ದು, ಹಾಲಿನವನ ಕೂಗು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತಿತ್ತು. ಆಮೇಲೆ ಓಡಾಟ ಶುರುವಾದರೂ ಅವನು ಆ ರೂಢಿ ಬಿಡಲಿಲ್ಲ. ಫೋನು ತುಂಬಿದಾಗೊಮ್ಮೆ ಕಲಬುರಗಿಗೆ ಬಂದು ನನ್ನ ಕಂಪ್ಯೂಟರಿಗೆ ಸುರಿದು, ಫೋನು ಖಾಲಿ ಮಾಡಿಕೊಂಡು ಹೋಗುತ್ತಿದ್ದ.

"ತಗೋ, ನನ್ನ ಬಾಯಿ ನಿನ್ನ ಮನ್ಯಾಗ ಇಟ್ಟು ಹೊಂಟೀನಿ," ಎನ್ನುತ್ತಿದ್ದ. "ನಿನ್ನ ಬಾಯಿ ಜೋಡಿ ಇದೂ ಕೂಡಿದ್ರ ಓಣಿ ಮಂದಿ ಮನಿ ಖಾಲಿ ಮಾಡ್ತಾರ ನೋಡು."

ನಾನು ಬಾಯಿ ಜೋರಿನವಳು, ನಿಜ. ಆದರೆ ಬಾಯಿ ಹೋದದ್ದು ಅವನದು. ಎಲೆ ಅಡಿಕೆಯನ್ನೂ ಹಾಕದ ಮನುಷ್ಯನ ಗಂಟಲಲ್ಲಿ ಗಂಟಾಯಿತು. ಸೊಲ್ಲಾಪುರದಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕೊರಳಲ್ಲಿ ಉಸಿರಾಡಲು ಒಂದು ಸಣ್ಣ ರಂಧ್ರ, ಅದರ ಮೇಲೆ ಬಿಳಿ ಬಟ್ಟೆಯ ತುಂಡು. ಹೇಳಬೇಕಾದದ್ದನ್ನೆಲ್ಲ ಪಾಟಿಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದ. ತುಟಿಯನ್ನಾದರೂ ಆಡಿಸು, ನಾವು ತಿಳಿದುಕೊಳ್ಳುತ್ತೇವೆ ಎಂದು ನಾನು ಎಷ್ಟು ಗೋಗರೆದರೂ ಒಲ್ಲೆನೆಂದ. "ದನಿ ಇಲ್ಲದ ಬಾಯಿ ತೆಗದ್ರ ಮೀನಿನಂಗ ಕಾಣ್ತೀನಿ," ಎಂದು ಪಾಟಿಯ ಮೇಲೆ ಬರೆದ. ಪೂಜೆಯಲ್ಲೂ ಅವನ ತುಟಿ ಅಲುಗುತ್ತಿರಲಿಲ್ಲ. ಕೈ ಮಾತ್ರ ತನ್ನ ಕೆಲಸ ಮಾಡುತ್ತಿತ್ತು.

ಒಂದು ದಿನ ವೈನಿ ಫೋನ್ ಮಾಡಿದರು. ಬೇಡುವ ಸ್ವಭಾವದವರಲ್ಲ ಅವರು. "ದೇವರ ಮನಿ ಮೂಕ ಆಗ್ಯದವಾ. ಗಂಟಿ ಸಪ್ಪಳ ಬಿಟ್ರ ಏನಿಲ್ಲ. ನಿನ್ನ ಕಡೆ ಇದ್ದದ್ದು ಯಾತರಾಗಾದ್ರೂ ಹಾಕಿ ಕೊಡು. ಪೂಜಿ ಮಾಡೂ ಮುಂದ ಹಚ್ತೀನಿ, ಅವರ ದನಿ ಮನ್ಯಾಗ ಇರ್ಲಿ," ಎಂದರು. ಆ ಸಂಜೆಯೇ ನಾನು ಜಗತ್ ಸರ್ಕಲ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯ ಭಾಯಿ ನನ್ನ ಮುಂದೆ ಎರಡು ವಸ್ತು ಇಟ್ಟ. ಒಂದು ಅಂಗೈಯಷ್ಟಿತ್ತು, ಇನ್ನೊಂದು ಅರಿಸಿನ ಕುಂಕುಮ ಇಡುವ ಪಂಚಪಾಳದ ಡಬ್ಬಿಯಷ್ಟು.

"ನೋಡ್ರಿ ಅಕ್ಕಾ, ಈ ಸಣ್ಣದು ಕೈಯಾಗ ಒಯ್ಯೂ ಹಾರ್ಡ್ ಡಿಸ್ಕ್. ಬ್ಯಾಗಿನಾಗ ಹಾಕ್ಕೊಂಡು ಎಲ್ಲಿ ಬೇಕಾದಲ್ಲಿ ಒಯ್ರಿ. ಆದ್ರ ಬಿತ್ತಂದ್ರ ಖತಂ. ಈ ದೊಡ್ಡದು ನೆಟ್‌ವರ್ಕಿಂದು, ಮನ್ಯಾಗ ಒಂದು ಕಡೆ ಕುಂತು ಬಿಡ್ತದ. ಒಳಗ ಎರಡು ಡಿಸ್ಕ್ ಅವ, ಎರಡರಾಗೂ ಅದೇ ಮಾಲು. ಒಂದು ಹೋದ್ರ ಇನ್ನೊಂದು ಅದಲ್ಲ. ನೆಟ್ ಇತ್ತಂದ್ರ ದುನಿಯಾದಾಗ ಎಲ್ಲಿ ಕುಂತಾದ್ರೂ ಕೇಳ್ರಿ."

"ಕಮಲಾಪುರದಾಗ ನೆಟ್ ಬಂದ ದಿನ ಹಬ್ಬ ಮಾಡ್ತಾರ. ಸಣ್ಣದೇ ಕೊಡ್ರಿ," ಎಂದೆ. ಅಣ್ಣನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮುಗಿಯಿತು, ಇದಕ್ಕೆ ಇಷ್ಟೆಲ್ಲ ರಾಮಾಯಣ ಯಾಕೆ ಎಂಬುದು ನನ್ನ ಲೆಕ್ಕ. ಎಲ್ಲವನ್ನೂ ಅದಕ್ಕೆ ಹಾಕಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ವೈನಿಯ ಕೈಗೆ ಕೊಟ್ಟು ಬಂದೆ. ಅಣ್ಣ ಮಲಗಿದ್ದ, ಎಬ್ಬಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಫೋನ್ ಬಂತು.

"ಇದರ ದೀಪ ಹತ್ತವಲ್ದವಾ. ಲ್ಯಾಪ್‌ಟಾಪಿಗೆ ಹಚ್ಚಿದ್ರೂ ಏನೂ ತೋರಿಸವಲ್ದು."

"ಕೆಳಗ ಬಿತ್ತೇನ್ರಿ ವೈನಿ?"

"ಇಲ್ಲ ತಾಯಿ, ಹೂವಿನಂಗ ಹಿಡದೀನಿ. ನಿನ್ನಿ ರಾತ್ರಿ ದೇವರ ಮನ್ಯಾಗ ಇಡೂ ಮುಂದ ನೀರು ಹಾಕಿ ಒಳಗ ತಗೊಂಡೆ, ಅಷ್ಟೇ. ಬಸ್ಸಿನಾಗ ಬಂದದ್ದಲ್ಲ ಅದು."

ನಮ್ಮ ಮನೆಗಳಲ್ಲಿ ಹಾಗೆಯೇ. ಬಜಾರಿನಿಂದ ಬಂದದ್ದು ಪಾತ್ರೆಯಿರಲಿ ಕಾಯಿಯಿರಲಿ, ದೇವರ ಮನೆಯ ಹೊಸ್ತಿಲು ದಾಟುವ ಮೊದಲು ಅದರ ಮೇಲೆ ಒಂದು ತಂಬಿಗೆ ನೀರು ಬೀಳಲೇಬೇಕು. ದಾರಿಯಲ್ಲಿ ಹತ್ತು ಮಂದಿ ಮುಟ್ಟಿದ ಮೈಲಿಗೆ ಅದರಿಂದ ಹೋಗುತ್ತದೆ. ವೈನಿ ಸೊಸೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದದ್ದೇ ಅದು. ಈ ಕರಿ ಡಬ್ಬಿಗೂ ಅದನ್ನೇ ಮಾಡಿದ್ದರು. ಬೆಳಿಗ್ಗೆ ಒಳಗಿನ ನೀರು ಆರುವ ಮೊದಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರು.

ನನಗೆ ತಲೆ ಕೆಟ್ಟುಹೋಯಿತು. "ಹರಿ ಹರಿ! ಅದೇನು ತಾಮ್ರದ ತಂಬಿಗಿ ಅಂತ ತಿಳಿದ್ರೇನ್ರಿ ವೈನಿ? ಕರೆಂಟಿನ ವಸ್ತುಕ್ಕ ನೀರು ಹಾಕ್ತಾರೇನು? ಅದನ್ನ ದೇವರ ಮನ್ಯಾಗ ಇಡು ಅಂತ ಯಾರು ಹೇಳಿದ್ರು ನಿಮಗ? ಹೊರಗ ಕಪಾಟಿನಾಗ ಇಟ್ಟಿದ್ರ ಏನು ಗಂಟು ಹೋಗ್ತಿತ್ತು?" ಎಂದು ಬಾಯಿಗೆ ಬಂದಂತೆ ಕೂಗಿದೆ.

ಆ ಕಡೆಯಿಂದ ವೈನಿ ಮೆಲ್ಲಗೆ, "ಅವರ ದನಿ ಅದ ಅಂದಿ ಅದರಾಗ. ಚಪ್ಪಲಿ ಗೂಡಿನ ಬಾಜೂಕ ಇಡ್ಲೇನು ಮತ್ತ?" ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಅವರು ಅಳುತ್ತಿದ್ದರು. ಹೋಗಲಿ ಬಿಡ್ರಿ, ನನ್ನ ಕಂಪ್ಯೂಟರಿನಾಗ ಎಲ್ಲಾ ಹಂಗೇ ಅದ, ಇನ್ನೊಂದು ಮಾಡಿ ತರ್ತೀನಿ ಎಂದು ಸಮಾಧಾನ ಹೇಳಿದೆ.

ಎಲ್ಲ ಹಾಗೇ ಇರಲಿಲ್ಲ. ಆ ವಾರ ನನ್ನ ಕಂಪ್ಯೂಟರ್ ಒಳಗಿನಿಂದ ಕಟಕಟ ಎಂದು ಹಲ್ಲು ಕಡಿಯತೊಡಗಿತು. ಒಂದು ಫೈಲು ತೆರೆಯಲು ಹೋದರೆ ಪರದೆ ಹಾಗೇ ನಿಂತುಬಿಡುತ್ತಿತ್ತು. ಅದನ್ನು ಆಟೋದಲ್ಲಿ ಹಾಕಿಕೊಂಡು ಜಗತ್ ಸರ್ಕಲ್ಲಿನ ಅಂಗಡಿಗೆ ಓಡಿದೆ. ನೀರು ಕುಡಿದ ಹಾರ್ಡ್ ಡಿಸ್ಕನ್ನೂ ಕಮಲಾಪುರದಿಂದ ತರಿಸಿ ಜೊತೆಗಿಟ್ಟೆ.

ಭಾಯಿ ಅದನ್ನು ಹೈದರಾಬಾದಿಗೆ ಕಳಿಸಿದ. ಏನೂ ಆಗುವುದಿಲ್ಲ ಎಂಬ ಉತ್ತರದೊಂದಿಗೆ ವಾಪಸು ಬಂತು. ಕಂಪ್ಯೂಟರಿನೊಳಗಿನದನ್ನು ಮಾತ್ರ ಅವನು ತಾಳ್ಮೆಯಿಂದ, ಸ್ವಲ್ಪ ಸ್ವಲ್ಪವಾಗಿ ಎಳೆದು ತೆಗೆದ. "ದೇವರಿಗೆ ಶುಕ್ರ್ ಹೇಳ್ರಿ ಅಕ್ಕಾ, ಬಹಳಷ್ಟು ಬಂದದ. ಕೆಲವು ಓದಲೇ ಇಲ್ಲ," ಎಂದ. ಬರದೇ ಉಳಿದವು ಯಾವುವು ಎಂದು ನೋಡಿದೆ. ಒಂದಿಷ್ಟು ಬಿಲ್ಲು, ಯಾರದೋ ಮುಂಜಿವೆಯ ಫೋಟೋ, ಅಣ್ಣನ ಪೂಜೆಯಲ್ಲಿ ಶ್ರಾವಣದ ಒಂದು ದಿನದ್ದು. ಅದು ಹೇಗೂ ನಡುವೆ ಕೆಟ್ಟುಹೋದ ರೆಕಾರ್ಡು ಎಂಬುದು ನೆನಪಿತ್ತು. ಪುಣ್ಯ, ಒಳ್ಳೆಯವೆಲ್ಲ ಉಳಿದವು ಎಂದುಕೊಂಡೆ.

ಈ ಸಲ ನಾನು ಕೂತು ಯೋಚಿಸಿದೆ. ಸಣ್ಣ ಡಿಸ್ಕು ಮತ್ತೆ ಕಮಲಾಪುರಕ್ಕೆ ಹೋದರೆ ಮತ್ತೆ ಯಾರೋ ಮುಟ್ಟಬೇಕು, ಎಲ್ಲೋ ಇಡಬೇಕು. ಚಪ್ಪಲಿ ಗೂಡಿನ ಹತ್ತಿರ ವೈನಿ ಇಡುವುದಿಲ್ಲ, ಇಡಿ ಎನ್ನುವ ಬಾಯಿ ನನಗೂ ಇನ್ನಿಲ್ಲ. ದೊಡ್ಡ ಡಬ್ಬಿ ನನ್ನ ಮನೆಯಲ್ಲೇ ಇರುತ್ತದೆ. ದನಿ ಮಾತ್ರ ಕಮಲಾಪುರಕ್ಕೆ ಹೋಗುತ್ತದೆ, ಯಾರ ಕೈಯನ್ನೂ ಮುಟ್ಟದೆ. ದನಿಗೆ ಮೈಲಿಗೆ ಎಲ್ಲಿಯದು? ಇದು ಹೊಳೆದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಭಾಯಿಯ ಎದುರೇ ನಕ್ಕುಬಿಟ್ಟೆ. ಅವನಿಗೆ ಮಡಿಯ ವಿಷಯ ಹೇಳಿದಾಗ ಅವನು ನಗಲಿಲ್ಲ. "ಸಹಿ ಬಾತ್ ಅಕ್ಕಾ, ದೊಡ್ಡದೇ ಒಯ್ರಿ. ಆದ್ರ ಅದೊಂದನ್ನೇ ನಂಬಬ್ಯಾಡ್ರಿ. ಸಿಡಿಲು ಹೊಡೀತು, ಕಳ್ಳ ಬಂದ ಅಂದ್ರ ಎರಡೂ ಡಿಸ್ಕ್ ಒಮ್ಮೆಗೇ ಹೋಗ್ತಾವ. ಸಣ್ಣದರಾಗ ಇನ್ನೊಂದು ನಕಲು ಮಾಡಿ ಬ್ಯಾರೆ ಕಡೆ ಇಡ್ರಿ," ಎಂದ. ಅದರಂತೆ ಸಣ್ಣದೊಂದು ನನ್ನ ಶಾಲೆಯ ಆಫೀಸಿನ ಕಪಾಟು ಸೇರಿತು.

ಕಮಲಾಪುರದ ಮನೆಗೆ ನೆಟ್ ಹಾಕಿಸಿ, ಒಂದು ಭಾನುವಾರ ನಾನೇ ಹೋಗಿ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಂದಿಸಿದೆ. ಹೊಸ್ತಿಲ ಹೊರಗಿನ ಅದೇ ಸ್ಟೂಲಿನ ಮೇಲೆ ಅದನ್ನಿಟ್ಟೆ. ಅಣ್ಣ ಮಡಿಯುಟ್ಟು ಒಳಗೆ ಕೂತ. ನಾನು ಗುಂಡಿ ಒತ್ತಿದೆ.

ಖೂಬಾ ಪ್ಲಾಟಿನಿಂದ ಅವನ ದನಿ ಬಂತು. ಅದೇ ತುಂಬು ದನಿ, ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ರೀತಿ. ಒಳಗೆ ಕೂತವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಆ ದನಿಯ ಹೆಜ್ಜೆಗೆ ಸರಿಯಾಗಿ ನೀರು ಬಿಟ್ಟ, ಗಂಧ ಹಚ್ಚಿದ, ಹೂವೇರಿಸಿದ. ತುಟಿ ಮಾತ್ರ ಮುಚ್ಚಿಯೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಮಂಗಳಾರತಿಯಾಗುವವರೆಗೆ ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಪೂಜೆ ಮುಗಿದ ಮೇಲೆ ವೈನಿ ಹೊಸ್ತಿಲ ಹತ್ತಿರ ಬಂದು ಕೂತರು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು.

"ಶ್ರಾವಣದಾಗಿಂದು ಒಂದು ಇತ್ತಲ್ಲ, ಅದನ್ನ ಹಚ್ಚವಾ. ನಡುವ ಮಂತ್ರ ಬಿಟ್ಟು ನನಗ ಬೈತಾರ ನೋಡು, ಅದು."

ನನಗೆ ಗೊತ್ತಿತ್ತು. ಅಣ್ಣ ಮಂತ್ರ ಅರ್ಧಕ್ಕೆ ನಿಲ್ಲಿಸಿ, "ಏ, ಎಲ್ಲಿ ಹೋದಿ? ತುಳಸಿ ತಾ ಅಂತ ಎಷ್ಟು ಸಲ ಒದರ್ಬೇಕು ನಿನಗ?" ಎನ್ನುತ್ತಾನೆ. ಅಡಿಗೆಮನೆಯಿಂದ ವೈನಿ, "ಬಂದೆ, ಬಂದೆ ತಡೀರಿ, ಜೀವಾ ತಿನಬ್ಯಾಡ್ರಿ," ಎನ್ನುತ್ತಾರೆ. ಅಣ್ಣ ಅದನ್ನು ಯಾರಿಗೂ ಕಳಿಸಿರಲಿಲ್ಲ. ನನಗೆ ಕೇಳಿಸಿ ನಗಿಸಿದ್ದ, ಅಷ್ಟೇ.

"ಅದೊಂದು ಬರ್ಲಿಲ್ರಿ ವೈನಿ," ಎಂದೆ. "ಹಳೇ ಕಂಪ್ಯೂಟರಿನಾಗ ಕೆಟ್ಟು ಹೋಗಿತ್ತು. ಹೋಗ್ಲಿ ಬಿಡ್ರಿ, ಅದು ಅರ್ಧಮರ್ಧದ್ದು. ಪೂರ್ತಿ ಇದ್ದವು ಬೇಕಾದಷ್ಟು ಉಳದಾವ."

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ, "ಆ ಸಣ್ಣ ಡಬ್ಬಿಯಾಗ ಇತ್ತೇನು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಹೌದು, ಇತ್ತು ಎಂದೆ.

"ನನ್ನ ಕೈಯಾರೆ ನೀರು ಹಾಕಿದೆ," ಎಂದರು ವೈನಿ. "ಉಳಿದದ್ದೆಲ್ಲಾ ದೇವರಿಗೆ ಅಂದದ್ದವಾ. ಅದೊಂದೇ ನನಗ ಅಂದದ್ದು."

ಎಲ್ಲವನ್ನೂ ಎರಡೆರಡು ಕಡೆ ಭದ್ರ ಮಾಡಿಟ್ಟಿದ್ದೇನೆಂದು ಬೀಗುತ್ತ ಬಂದಿದ್ದೆ. ಅವರಿಗೆ ಬೇಕಾದದ್ದು ಎಲ್ಲಿಯೂ ಉಳಿದಿರಲಿಲ್ಲ.

ಒಳಗೆ ಅಣ್ಣ ಮಣೆಯ ಮೇಲೆ ಕೂತೇ ಇದ್ದ. ಕಿವಿ ಅವನಿಗೆ ಚೆನ್ನಾಗಿ ಕೇಳುತ್ತದೆ. ನೆಲವನ್ನು ಬೆರಳಿನಿಂದ ಕುಟ್ಟಿದ. ವೈನಿ ತಿರುಗಿ ನೋಡಿದರು. ಪಾಟಿ ಬೇಕೇನೋ ಎಂದು ನಾನು ಕೈ ಚಾಚಿದೆ. ಅವನು ಬೇಡವೆಂದು ತಲೆಯಾಡಿಸಿ, ವೈನಿಯನ್ನೇ ನೋಡುತ್ತ ಬಾಯಿ ತೆರೆದ. ಕೊರಳಿನ ಬಿಳಿ ಬಟ್ಟೆ ಉಸಿರಿಗೆ ಅಲುಗಿತು. ಸದ್ದೇನೂ ಬರಲಿಲ್ಲ. ಆದರೆ ತುಟಿಗಳು ನಿಧಾನವಾಗಿ ಆಡಿದವು, ಒಂದೊಂದು ಮಾತೂ ನನಗೆ ಕಂಡಿತು.

ಏ, ಎಲ್ಲಿ ಹೋದಿ?

ವೈನಿ ಅವನಿಂದ ಮಾರು ದೂರದಲ್ಲಿ ಕೂತಿದ್ದರು.

"ಬಂದೆ, ಬಂದೆ ತಡೀರಿ," ಎನ್ನುತ್ತ ಎದ್ದರು.