ಪುಡಿಯ ಜೊತೆ ವಾಕಿಂಗ್

ಸ್ತನದ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ ಶುರುವಾದ ಮೇಲೆ ಮೈಯೆಲ್ಲ ಕಾವು, ನಿದ್ದೆ ಮಾತ್ರ ಆಬ್ಸೆಂಟ್. ಪಕ್ಕದ ಮನೆಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಘಾಟಬೋರಾಳದ ನಾಟಿ ವೈದ್ಯರಿಂದ ಒಂದು ಡಬ್ಬಿ ಪುಡಿ ತಂದುಕೊಟ್ಟಳು.

“ಇದರಾಗ ಏನೇನ್ ಅದ?” ಎಂದೆ.

“ಹೇಳಿದ್ರ ಗುಣ ಹೋಗ್ತದಂತ್ರಿ, ಅಕ್ಕಾ.”

ಹುಮನಾಬಾದಿನ ಡಾಕ್ಟರು, ಏನಿದೆಯೆಂದು ತಿಳಿಯದ ಪುಡಿ ಮಾತ್ರೆಯ ಜೊತೆ ಬೇಡ, ದಿನಾ ಅರ್ಧ ತಾಸು ನಡೆಯಿರಿ ಎಂದರು. ಒಬ್ಬಳೇ ನಡೆಯಲು ನನಗೆ ಬೋರ್, ಸ್ವಲ್ಪ ಭಯವೂ. ಜೋಡಿಯಾಗಿ ನಡೆದರಷ್ಟೇ ಈ ಪುಡಿ ಮೈಗೆ ಹತ್ತುತ್ತದೆ ಎಂದು ಹೇಳಿ, ನೆಗೆಣ್ಣಿಯನ್ನು ದಿನವೂ ಬಸವಕಲ್ಯಾಣದ ಕೋಟೆಯವರೆಗೆ ನಡೆಸಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಈ ಸುಳ್ಳು ಕೇಳಿದ್ದರೆ ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು.

ತಿಂಗಳೊಳಗೆ ಸ್ವಲ್ಪ ನಿದ್ದೆ ಬಂತು.

“ನಮ್ಮ ಪುಡಿ ಹತ್ತಿತು ನೋಡ್ರಿ. ನಾಳಿಂದ ನಾ ಬರಂಗಿಲ್ಲ” ಎಂದಳು.

“ಡಬ್ಬಿ ಮುಗಿಯೂತನಕ ಬರಬೇಕವ್ವ” ಎಂದೆ.

ಅಲಮಾರಿಯಲ್ಲಿ ಆ ಡಬ್ಬಿ ಇಂದಿಗೂ ಕಂಠಮಟ್ಟ ತುಂಬಿದೆ.